ಪದಚರ್ಚೆ: ‘ಏರ್ ಪಂಪ್ ಡಿಲೀಟ್’ ಅಂದರೆ ಕಳಚುವುದೋ, ಮುಚ್ಚುವುದೋ?

ಪ್ರಶ್ನೆ:

ಗೆಳೆಯರೇ, ಹಳೆಯ ಅಮೆರಿಕನ್ ವಿ8 (ಎಂಟು ಸಿಲಿಂಡರಿನ) ಕಾರೊಂದರ ರಿಪೇರಿ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಹೊರಗಿನ ಕಂಪನಿಯ ಹೆಡರ್ (ಹೊಗೆ ಹೊರಹೋಗುವ ಪೈಪುಗಳ ಗೊಂಚಲು) ಕೂರಿಸಿದ ಎಂಜಿನ್ನಿನಿಂದ ಏರ್ ಪಂಪ್ ವ್ಯವಸ್ಥೆ ತೆಗೆಯುವ ಅಧ್ಯಾಯದಲ್ಲಿ ನಾಲ್ಕು ಪದ ತೊಡಕಾಗಿವೆ: ಏರ್ ಪಂಪ್, ಹೆಡರ್, ಡಿಲೀಟ್, ಪ್ಲಗ್. ಕರಡಿನಲ್ಲಿ ‘ಶಿರೋನಾಳದಿಂದ ವಾಯುರೇಚಕವನ್ನು ಅಳಿಸುವುದು’ ಎಂದಿದೆ. ಇದು ಕಾರಿನ ಮಾತೋ ಆಯುರ್ವೇದವೋ ತಿಳಿಯುವುದಿಲ್ಲ. ಸ್ಪ್ಯಾನರ್ ಹಿಡಿದು ನಿಂತವನಿಗೆ ಅರ್ಥವಾಗುವ ಮಾತು ಬೇಕು.

ಉತ್ತರ:

ರೇಚಕ ಖಂಡಿತ ಬೇಡ. ಅದು ಹೊರಹಾಕುವ ಮಾತು, ಈ ಪಂಪು ಒಳಗೆ ಊದುವಂಥದ್ದು. ಬರೀ ‘ಏರ್ ಪಂಪ್’ ಎಂದರೆ ಟೈರಿಗೆ ಗಾಳಿ ಹೊಡೆಯುವ ಪಂಪು ಕಣ್ಣಿಗೆ ಬರುತ್ತದೆ. ಇದು ಬೆಲ್ಟಿನಿಂದ ತಿರುಗುತ್ತದೆ; ಎಕ್ಸಾಸ್ಟ್ ವಾಲ್ವ್ ದಾಟಿದ ಹೊಗೆ ಇನ್ನೂ ಕುದಿಯುತ್ತಿರುವಾಗಲೇ ಅದಕ್ಕೆ ಹೊರಗಿನ ಗಾಳಿ ಸೇರಿಸುತ್ತದೆ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಹೈಡ್ರೋಕಾರ್ಬನ್, ಕಾರ್ಬನ್ ಮಾನಾಕ್ಸೈಡ್ ಆ ಗಾಳಿಯಿಂದ ಅಲ್ಲೇ ಉರಿಯುತ್ತವೆ. ಕ್ಯಾಲಿಫೋರ್ನಿಯಾಕ್ಕೆಂದು 1966ರ ಮಾದರಿಗಳಲ್ಲಿ ಬಂದದ್ದು ಇದು. ಫೋರ್ಡ್ ಕಂಪನಿ ಇದಕ್ಕೆ ಥರ್ಮ್ಯಾಕ್ಟರ್ ಎಂದು ಹೆಸರಿಟ್ಟಿತು. ಮೊದಲ ಸಲ ‘ಹೊಗೆಗೆ ಗಾಳಿ ಊದುವ ಪಂಪು’ ಎಂದು ಬಿಡಿಸಿ ಬರೆಯಿರಿ, ಮುಂದಕ್ಕೆ ‘ಏರ್ ಪಂಪು’ ಸಾಕು.

ಹೆಡರ್ ಹಾಗೆಯೇ ಇರಲಿ. ಕಂಪನಿಯಿಂದ ಬರುವುದು ಎರಕದ ಮ್ಯಾನಿಫೋಲ್ಡ್. ಹೆಡರಿನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಪೈಪು. ‘ಬೆಂಡ್ ಪೈಪ್’ ಎಂದರೆ ಬೈಕಿನದು ಅಂದುಕೊಳ್ಳುತ್ತಾರೆ.

ನಿಜವಾದ ತೊಡಕು ಡಿಲೀಟ್‌ನಲ್ಲಿದೆ. ಅಳಿಸುವುದು ಬರಹವನ್ನು, ಕಬ್ಬಿಣವನ್ನಲ್ಲ. ಕನ್ನಡದಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಕ್ರಿಯಾಪದ ಸಿದ್ಧವಾಗಿದೆ: ನಟ್ಟು ಬಿಚ್ಚುತ್ತೇವೆ, ಬೆಲ್ಟು ಕಳಚುತ್ತೇವೆ, ಹೋಸು ಬಿಡಿಸುತ್ತೇವೆ, ಭಾರದ್ದನ್ನು ಇಳಿಸುತ್ತೇವೆ. ಇವೆಲ್ಲ ಅರ್ಧ ಕೆಲಸ. ಇಂಗ್ಲಿಷಿನ ಆ ಒಂದೇ ಪದದಲ್ಲಿ ‘ಮುಚ್ಚು’ ಎಂಬುದೂ ಅಡಗಿದೆ. ಅದನ್ನು ಬಿಟ್ಟರೆ ಓದುಗ ತೂತುಗಳನ್ನು ತೆರೆದೇ ಬಿಡುತ್ತಾನೆ. ಹೀಗೆ ಬರೆದರೆ ಹೇಗೆ:

‘ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಬೆಲ್ಟನ್ನು ಸಡಿಲಿಸಿ ಕಳಚಿ. ಚೆಕ್ ವಾಲ್ವಿನ ಬಳಿ ಹೋಸುಗಳನ್ನು ಬಿಡಿಸಿ. ಪಂಪನ್ನು ಬ್ರಾಕೆಟ್ ಸಮೇತ ಇಳಿಸಿ. ಗಾಳಿ ನಳಿಕೆಗಳ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಫ್ಲೇರ್ ನಟ್ ಸ್ಪ್ಯಾನರಿನಿಂದ ತಿರುಗಿಸಿ ನಳಿಕೆಗಳನ್ನು ತೆಗೆಯಿರಿ. ಹೆಡರಿನ ಎಂಟೂ ತೂತುಗಳನ್ನು ಮುಚ್ಚಿ. ಡೈವರ್ಟರ್ ವಾಲ್ವಿಗೆ (ಪಂಪಿನ ಗಾಳಿಯನ್ನು ಬೇರೆಡೆಗೆ ತಿರುಗಿಸುವ ವಾಲ್ವ್) ಹೋಗುತ್ತಿದ್ದ ವ್ಯಾಕ್ಯೂಮ್ ಹೋಸಿನ ಬಾಯಿಗೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲೇ ಟೋಪಿ ಹಾಕಿ.’

ಈ ಕೊನೆಯ ವಾಕ್ಯ ಬಿಟ್ಟುಹೋದರೆ ಅಲ್ಲಿಂದ ಗಾಳಿ ನುಗ್ಗಿ ಐಡ್ಲಿಂಗ್ ಹದ ತಪ್ಪುತ್ತದೆ. ಹೆಡರಿನಲ್ಲಿ ಒಂದೇ ತೂತು ತೆರೆದಿದ್ದರೂ ತೊಂದರೆಯೇ. ಹೊಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಪೈಪು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಕಾರಾದರೆ ಪೆಟ್ರೋಲ್ ಸಾಲದು ಎಂದು ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗಿ, ಅದು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ.

ಪಂಪಿನ ಬೆಲ್ಟೇ ಇನ್ನೊಂದನ್ನೂ ತಿರುಗಿಸುತ್ತಿದ್ದರೆ ‘ಬೆಲ್ಟ್ ಕಳಚಿ’ ಸಾಲದು. ಗಿಡ್ಡ ಬೆಲ್ಟೋ, ಪಂಪಿನ ಜಾಗಕ್ಕೆ ಐಡ್ಲರ್ ಪುಲ್ಲಿಯೋ (ಏನನ್ನೂ ಓಡಿಸದೆ ಬರೀ ಬೆಲ್ಟ್ ಹಾಯಿಸುವ ಚಕ್ರ) ಬೇಕೆಂದು ಸೇರಿಸಿ.

ಇನ್ನು ಪ್ಲಗ್. ಕಾರಿನ ವಿಷಯದಲ್ಲಿ ಪ್ಲಗ್ ಅಂದರೆ ಸ್ಪಾರ್ಕ್ ಪ್ಲಗ್ಗೇ. ‘ಎಂಟು ಪ್ಲಗ್ ಹಾಕಿ’ ಎಂದು ಬರೆದು ನೋಡಿ, ಅಂಗಡಿಯಿಂದ ಏನು ಬರುತ್ತದೆಂದು! ಗ್ಯಾರೇಜಿನವರು ‘ಡಮ್ಮಿ ಬೋಲ್ಟ್’ ಅನ್ನುತ್ತಾರೆ. ನನಗೆ ‘ಬಿರಡೆ’ ಇಷ್ಟ, ಆದರೆ ಜೊತೆಗೆ ‘ಉಕ್ಕಿನ’ ಎಂಬ ವಿಶೇಷಣ ಇರಲೇಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಜೋರಾಗಿ ಓಡುವಾಗ ಆ ಜಾಗದ ಹೊಗೆ ಅದನ್ನೂ ಮೀರುತ್ತದೆ. ಟೆಫ್ಲಾನ್ ಟೇಪಿಗೆ 260 ಡಿಗ್ರಿಯೇ ಮಿತಿ. ತ್ರೆಡ್ಡಿಗೆ ನಿಕಲ್ ಬೆರೆಸಿದ ಆ್ಯಂಟಿ ಸೀಜ್ ಪೇಸ್ಟ್ ಸವರಬೇಕು, ಇಲ್ಲವಾದರೆ ಮುಂದೊಮ್ಮೆ ಬಿರಡೆ ಬಿಚ್ಚಲು ಬಾರದು.

ಅಳತೆಯಲ್ಲೂ ಒಂದು ಬಲೆಯಿದೆ. ಮೂಲದಲ್ಲಿ ‘1/4 ಇಂಚು ಪೈಪ್ ತ್ರೆಡ್’ ಎಂದಿದ್ದರೆ ಅದನ್ನು 6 ಮಿ.ಮೀ. ಎಂದು ಮಾಡಬೇಡಿ. ಅದು ಪೈಪಿನ ಹೆಸರು, ಅಳತೆಯಲ್ಲ. ಆ ತ್ರೆಡ್ಡಿನ ಹೊರ ವ್ಯಾಸ ಸುಮಾರು 13.7 ಮಿ.ಮೀ., ಇಂಚಿಗೆ 18 ಸುತ್ತು, ಮೇಲಾಗಿ ತುದಿಯತ್ತ ಸಣ್ಣಗಾಗುತ್ತದೆ. ನೇರ ತ್ರೆಡ್ಡಿನ ಬೋಲ್ಟ್ ಅದರಲ್ಲಿ ಕೂರುವುದಿಲ್ಲ.

ಇನ್ನೊಬ್ಬರ ಸೇರ್ಪಡೆ:

ಮೇಲಿನದು ಒಪ್ಪಿಗೆ. ‘ಚೆಕ್ ವಾಲ್ವ್’ ಕರಡಿನಲ್ಲಿ ‘ತಪಾಸಣಾ ಕವಾಟ’ ಆಗಿದ್ದರೆ ಅದನ್ನೂ ತಿದ್ದಿ. ಇಲ್ಲಿ ಚೆಕ್ ಅಂದರೆ ತಡೆ. ಗಾಳಿಯನ್ನು ಹೋಗಗೊಟ್ಟು ಹೊಗೆಯನ್ನು ಹಿಂದೆ ಬರಗೊಡದ ಒಮ್ಮುಖ ವಾಲ್ವ್, ಪಂಪ್‌ಸೆಟ್ಟಿನ ಫುಟ್ ವಾಲ್ವಿನ ಅಣ್ಣ. ಅದು ಕೆಟ್ಟರೆ ಬಿಸಿ ಹೊಗೆ ಹಿಮ್ಮುಖವಾಗಿ ನುಗ್ಗಿ ಹೋಸು ಸುಡುತ್ತದೆ, ಪಂಪೂ ಹಾಳಾಗುತ್ತದೆ. ಹೋಸಿನೊಳಗೆ ಮಸಿ ಕಂಡರೆ ಅದೇ ಗುರುತು. ವಾಲ್ವ್ ಬದಲಿಸಿದರೆ ಮುಗಿಯುವ ಕಡೆ ಇಡೀ ವ್ಯವಸ್ಥೆಯನ್ನೇ ಕೀಳುವುದು ದಂಡದ ಕೆಲಸ.

ಅಧ್ಯಾಯದ ತಲೆಯಲ್ಲೇ ಎಚ್ಚರಿಕೆ ಹಾಕಿ. ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ರಸ್ತೆಯ ಕಾರಿನಲ್ಲಿ ಇದಕ್ಕೆ ಅನುಮತಿಯಿಲ್ಲ. 1990ರ ತಿದ್ದುಪಡಿಯಿಂದ ಕಾರಿನ ಮಾಲೀಕನೂ ಅದರ ಅಡಿಯಲ್ಲಿ ಬರುತ್ತಾನೆ. ಆ ಕಾಯ್ದೆಯ ‘ಟ್ಯಾಂಪರಿಂಗ್’ ಪದಕ್ಕೆ ‘ವಿರೂಪ’ ಸರಿಹೋಗದು. ತೆಗೆಯುವುದೂ, ಕೆಲಸ ಮಾಡದಂತೆ ಮಾಡುವುದೂ ಎರಡೂ ತಪ್ಪು ಅನ್ನುತ್ತದೆ ಕಾಯ್ದೆ. ಅಂದರೆ ಪಂಪನ್ನು ಅಲ್ಲೇ ಬಿಟ್ಟು ಬರೀ ಬಿರಡೆ ಜಡಿದರೂ ಅದು ತಪ್ಪೇ.

ಪ್ರಶ್ನೆ ಕೇಳಿದವರಿಂದ:

ಉಪಕಾರವಾಯಿತು. ತಲೆಬರಹವನ್ನು ‘ಹೆಡರಿನಿಂದ ಏರ್ ಪಂಪು ಕಳಚಿ ತೂತು ಮುಚ್ಚುವುದು’ ಎಂದು ಬದಲಿಸಿದೆ. ಒಂದು ಉಳಿಯಿತು: ಹೆಡರಿನ ಪೈಪುಗಳೆಲ್ಲ ಬಂದು ಸೇರುವ ‘ಕಲೆಕ್ಟರ್’. ಹಾಗೇ ಬಿಟ್ಟರೆ ಜಿಲ್ಲಾಧಿಕಾರಿ ಎದ್ದು ಬರುತ್ತಾರೆ. ‘ಕೂಡುಬಾಯಿ’ ಅಂದರೆ ಆದೀತೇ?