ಬಿಕೆಸಿ ಫ್ಯಾನ್ ಕನ್ವೆನ್ಷನ್‌ಗೆ ಮನೆಮಂದಿ ಜೊತೆ: ನಟರ ಜೊತೆ ಫೋಟೋ ತೆಗೆಸಿಕೊಳ್ಳೋಕೆ ದಿನ ಹೇಗೆ ಹೊಂದಿಸೋದು?

ಡೊಂಬಿವಲಿ_ಪೂರ್ವ

ಎಲ್ಲರಿಗೂ ನಮಸ್ಕಾರ. ಮುಂಬೈ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯೋ ಫ್ಯಾನ್ ಕನ್ವೆನ್ಷನ್‌ಗೆ, ಅಂದ್ರೆ ಅಭಿಮಾನಿಗಳ ಮೇಳಕ್ಕೆ, ಭಾನುವಾರ ನಾಲ್ಕು ಜನ ಹೋಗ್ತಿದ್ದೀವಿ: ನಾನು, ಹೆಂಡತಿ, ಆರು ವರ್ಷದ ಮಗಳು, 68 ವರ್ಷದ ಅಮ್ಮ. ಮಗಳು ತುಂಬ ಇಷ್ಟಪಡೋ ನಟರು ಅತಿಥಿಯಾಗಿ ಬರ್ತಿದ್ದಾರೆ. ಪ್ರವೇಶ ಟಿಕೆಟ್ ತಗೊಂಡಿದ್ದೀನಿ. ಫೋಟೋ ಆಪ್ (ನಟರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋದು), ಆಟೋಗ್ರಾಫ್ ಎರಡಕ್ಕೂ ಬೇರೆ ಬೇರೆ ಟಿಕೆಟ್ ಅಂತಿದೆ. ಒಂದನ್ನೇ ತಗೊಳ್ಳೋದಾದ್ರೆ ಯಾವುದು? ಅಮ್ಮನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಹೋಗೋ ದಾರಿಯೂ ಹೇಳಿ.

ಮಾಟುಂಗಾ_ಕಾಪಿ

ಎಲ್ಲರೂ ಒಟ್ಟಿಗೆ ಇರಬೇಕು ಅಂದ್ರೆ ಫೋಟೋ ಆಪ್. ಮಗಳು ನಟರ ಹತ್ರ ಎರಡು ಮಾತಾಡಬೇಕು ಅಂದ್ರೆ ಆಟೋಗ್ರಾಫ್. ಫೋಟೋ ಆಪ್‌ನಲ್ಲಿ ನಿಮಗೆ ಸಿಗೋದು ಹತ್ತು ಸೆಕೆಂಡ್ ಅಂದ್ಕೊಳ್ಳಿ: ಹೋಗಿ ನಿಲ್ಲೋದು, ಕ್ಲಿಕ್, ಹೊರಗೆ. ಆಟೋಗ್ರಾಫ್ ಮೇಜಿನಲ್ಲಿ ಅವರು ಹೆಸರು ಬರೆಯೋವಷ್ಟು ಹೊತ್ತಾದ್ರೂ ಮಗು ಎದುರಿಗೆ ಇರುತ್ತೆ. ಆರು ವರ್ಷದ ಮಗುವಿಗೆ ನಾನು ಆಟೋಗ್ರಾಫ್ ಅಂತೀನಿ, ಆದ್ರೆ ಅಮ್ಮನೂ ಚಿತ್ರದಲ್ಲಿ ಬೇಕು ಅನ್ನೋದು ಮುಖ್ಯವಾದ್ರೆ ಉತ್ತರ ಬದಲಾಗುತ್ತೆ.

ಫೋಟೋ ಆಪ್ ಟಿಕೆಟ್ ಸಾಮಾನ್ಯವಾಗಿ ಒಂದು ಫೋಟೋಗೆ ಲೆಕ್ಕ, ತಲೆಗಲ್ಲ. ಆದ್ರೆ ಒಂದು ಫೋಟೋದಲ್ಲಿ ಎಷ್ಟು ಜನ ಅನ್ನೋ ಮಿತಿ ಇರುತ್ತೆ. ನಾಲ್ಕು ಜನಕ್ಕೆ ಬಿಡ್ತಾರಾ ಅಂತ ದುಡ್ಡು ಕಟ್ಟೋ ಮೊದಲೇ ನಿಯಮ ಓದಿ. ಇಲ್ಲಿ ಎಡವಿದ್ರೆ ಸಾಲಿನ ತುದಿಗೆ ಹೋದಮೇಲೆ ಒಬ್ಬರು ಹೊರಗೆ ನಿಲ್ಲಬೇಕಾಗುತ್ತೆ, ಅದು ಬಹಳ ಬೇಜಾರು.

ನಿಮ್ಮ ಸ್ಲಾಟ್, ಅಂದ್ರೆ ಫೋಟೋಗೆ ಕೊಟ್ಟಿರೋ ಸಮಯ, ಗೊತ್ತಾದ ಮೇಲೆ ದಿನದ ಉಳಿದ ಲೆಕ್ಕ ಎಲ್ಲ ಅದರ ಸುತ್ತ ಹಾಕಿ. ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಯಾವ ಪ್ಯಾನೆಲ್‌ಗೂ (ವೇದಿಕೆ ಮೇಲಿನ ಮಾತುಕತೆ) ಹೋಗಬೇಡಿ. ವೇದಿಕೆ ಕಾರ್ಯಕ್ರಮ ತಡವಾಗಿ ಮುಗಿಯುತ್ತೆ, ಎಲ್ಲರೂ ಒಂದೇ ಬಾಗಿಲಿಂದ ಹೊರಬೀಳ್ತಾರೆ, ಅಷ್ಟರಲ್ಲಿ ನಿಮ್ಮ ಸ್ಲಾಟ್ ಹೋಗಿರುತ್ತೆ.

ಸಾಲಿನಲ್ಲೇ ನಿಲ್ಲೋ ಕ್ರಮ ತೀರ್ಮಾನಿಸಿಕೊಳ್ಳಿ. ಮಗಳು ನಟರ ಪಕ್ಕದಲ್ಲೇ, ಮುಂದೆ. ಅಮ್ಮ ಇನ್ನೊಂದು ಪಕ್ಕ. ನೀವಿಬ್ಬರೂ ತುದಿಗೆ. ಮಗುವನ್ನ ಎತ್ತಿಕೊಳ್ಳೋದಾದ್ರೆ ಒಳಗೆ ಕಾಲಿಡೋ ಮೊದಲೇ ಎತ್ತಿಕೊಳ್ಳಿ. ಹಿಂದಿನ ಪರದೆ ಕಪ್ಪಾಗಿದ್ರೆ ಕಪ್ಪು ಬಟ್ಟೆ ಅದರೊಳಗೆ ಕರಗಿ ಮುಖ ಮಾತ್ರ ತೇಲಿದ ಹಾಗೆ ಬರುತ್ತೆ, ತಿಳಿ ಬಣ್ಣ ಹಾಕಿ. ಕನ್ನಡಕ ಇದ್ದವರು ಗದ್ದ ಸ್ವಲ್ಪ ಕೆಳಗೆ ಮಾಡಿದ್ರೆ ಫ್ಲ್ಯಾಶ್ ಹೊಳೆಯೋದು ಕಡಿಮೆಯಾಗುತ್ತೆ. ಬ್ಯಾಗು, ನೀರಿನ ಬಾಟಲಿ ಎಲ್ಲ ಅಲ್ಲಿ ಇಟ್ಟಿರೋ ಮೇಜಿನ ಮೇಲೆ. ತಬ್ಬಿಕೊಳ್ಳೋದು, ಹೆಗಲ ಮೇಲೆ ಕೈ ಹಾಕೋದು ಕೇಳಿದ ಮೇಲೆ ಮಾತ್ರ. ಮಗಳ ಕೈಲಿ ಕಾಲಿಗೆ ನಮಸ್ಕಾರ ಮಾಡಿಸೋ ಆಸೆ ಇದ್ರೂ ಅಲ್ಲಿ ಬೇಡ, ಬಗ್ಗಿದ ಹೊತ್ತಿಗೇ ಕ್ಲಿಕ್ ಆಗಿಬಿಡುತ್ತೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಕಷ್ಟ ಆದ್ರೆ ಕೈ ಮುಗಿದ್ರೆ ಸಾಕು, ಯಾವ ದೇಶದ ನಟರಿಗೂ ಅದು ಅರ್ಥವಾಗುತ್ತೆ.

ಹೊರಗೆ ಬಂದ ತಕ್ಷಣ ಫೋಟೋ ನೋಡಿ. ಯಾರದಾದ್ರೂ ಕಣ್ಣು ಮುಚ್ಚಿದ್ರೆ ಅಲ್ಲೇ, ಆಗಲೇ ಹೇಳಿ. ಸಂಜೆ ಮನೆಗೆ ಹೋಗಿ ಹೇಳಿದ್ರೆ ಏನೂ ಆಗಲ್ಲ.

ಶಾಯಿ_ಕಾಗದ

ಆಟೋಗ್ರಾಫ್ ತಗೊಳ್ಳೋದಾದ್ರೆ ಪೆನ್ನು ನೀವೇ ಒಯ್ಯಿರಿ. ಸಹಿ ಹಾಕಿಸೋ ನುಣುಪಾದ ಫೋಟೋ ಮೇಲೆ ಬಾಲ್‌ಪೆನ್ ಜಾರುತ್ತೆ, ಗೀರು ಬೀಳುತ್ತೆ. ತಿಳಿ ಹಿನ್ನೆಲೆಗೆ ಕಪ್ಪು ಪರ್ಮನೆಂಟ್ ಮಾರ್ಕರ್, ಗಾಢ ಹಿನ್ನೆಲೆಗೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್. ಪೇಂಟ್ ಮಾರ್ಕರನ್ನ ಚೆನ್ನಾಗಿ ಅಲ್ಲಾಡಿಸಿ, ಬೇರೆ ಕಾಗದದ ಮೇಲೆ ತುದಿ ಒತ್ತಿ ಬಣ್ಣ ಇಳಿಯೋ ಹಾಗೆ ಮಾಡಿಟ್ಟುಕೊಳ್ಳಿ. ಇಲ್ಲಾಂದ್ರೆ ಮೊದಲ ಗೀಟಿಗೇ ಫೋಟೋ ಮೇಲೆ ದೊಡ್ಡ ಹನಿ ಬೀಳುತ್ತೆ. ಎರಡೂ ಕ್ರಾಫರ್ಡ್ ಮಾರ್ಕೆಟ್ ಹತ್ರದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತೆ.

ಮಗಳ ಹೆಸರನ್ನ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಒಂದು ಅಂಟುಚೀಟಿ ಮೇಲೆ ಬರೆದು ಫೋಟೋ ಮೇಲೆ ಅಂಟಿಸಿ. ನಮ್ಮ ಹೆಸರುಗಳ ದೀರ್ಘ, ಒತ್ತಕ್ಷರ ಬಾಯಲ್ಲಿ ಹೇಳಿದ್ರೆ ತಪ್ಪಾಗೋದು ಖಂಡಿತ. ಸಹಿ ಆದ ಮೇಲೆ ಎರಡು ಮೂರು ನಿಮಿಷ ತೆರೆದಿಟ್ಟು ಒಣಗಿಸಿ, ಮುಖಕ್ಕೆ ಮುಖ ಸೇರಿಸಿ ಇಡಬೇಡಿ.

ಇನ್ನು ಮನೆಯಲ್ಲಿ ಇಡೋ ವಿಷಯ. ಮುಂಬೈ ಮಳೆಗಾಲದಲ್ಲಿ ಹೆಚ್ಚಿನ ಫೋಟೋ ಹಾಳಾಗೋದು ಇಲ್ಲೇ. ಪಿವಿಸಿ ಕವರ್ ಬೇಡ, ಅದರಲ್ಲಿ ಬೆರೆಸಿರೋ ಮೆದುಕಾರಕ ಕಾಲಕ್ರಮೇಣ ಹೊರಬಂದು ಶಾಯಿಯನ್ನ ಎಬ್ಬಿಸುತ್ತೆ. ಪಾಲಿಪ್ರೊಪಿಲೀನ್ ಕವರ್ ಕೇಳಿ. ಫ್ರೇಮ್ ಹಾಕಿಸಿದ್ರೆ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ (ಅಂಚಿಗೆ ಹಾಕೋ ದಪ್ಪ ರಟ್ಟು) ಹಾಕಿಸಿ. ತೇವಕ್ಕೆ ಫೋಟೋ ಗಾಜಿಗೆ ಅಂಟಿದ್ರೆ ಬಿಡಿಸೋಕಾಗಲ್ಲ, ಪದರವೇ ಕಿತ್ತು ಬರುತ್ತೆ. ಬಿಸಿಲು ಬೀಳೋ ಗೋಡೆಗೆ ತೂಗು ಹಾಕಬೇಡಿ, ಸಾಮಾನ್ಯ ಮಾರ್ಕರಿನ ಸಹಿ ಮೊದಲು ಮಾಸುತ್ತೆ.

ಥಾಣೆ_ಅಕ್ಕ

ತಮ್ಮಾ, ಅಮ್ಮನ ಮಂಡಿನೋವಿನ ವಿಷಯ ಯಾರೂ ಹೇಳಲಿಲ್ಲ. ಆಯೋಜಕರಿಗೆ ಈಗಲೇ ಮೇಲ್ ಹಾಕು: ಹಿರಿಯರು, ಮಂಡಿನೋವು, ವೀಲ್‌ಚೇರ್ ಅಥವಾ ಬೇರೆ ಸಾಲು ಸಿಗುತ್ತಾ ಅಂತ. ಉತ್ತರ ಫೋನಿನಲ್ಲಿ ತೋರಿಸೋಕೆ ಇಟ್ಟುಕೋ. ಬಾಗಿಲಲ್ಲಿ ನಿಂತಿರೋ ಹುಡುಗರಿಗೆ ಬರವಣಿಗೆಯಲ್ಲಿ ಇದ್ರೆ ಒಪ್ಪೋದು ಸುಲಭ. ಅದಾಗದಿದ್ರೆ ನೀನು ಸಾಲಿನಲ್ಲಿ ನಿಲ್ಲು, ಅಮ್ಮ, ಮಗು, ಹೆಂಡತಿ ಕೂತಿರಲಿ. ಆದ್ರೆ ಆಮೇಲೆ ಮೂರು ಜನ ಬಂದು ಸೇರ್ತಾರೆ ಅಂತ ಹಿಂದಿನವರಿಗೂ ಸಿಬ್ಬಂದಿಗೂ ಮೊದಲೇ ಹೇಳಿಬಿಡು.

ಬೆಳಿಗ್ಗೆ ಮನೆ ಬಿಡೋ ಮುಂಚೆ ಮಗಳ ನಿಲುವಿನ ಫೋಟೋ ತೆಗೆದುಕೋ. ಕಳೆದುಹೋದ್ರೆ ಯಾವ ಬಟ್ಟೆ ಅಂತ ನೆನಪಿಸಿಕೊಳ್ಳೋ ಅಗತ್ಯ ಇಲ್ಲ. ನಿನ್ನ ನಂಬರನ್ನ ಅವಳ ಮುಂಗೈ ಮೇಲೆ ಪೆನ್ನಿನಲ್ಲಿ ಬರಿ. ವೇದಿಕೆ ಹತ್ರ ಸದ್ದು ಜೋರು, ಕಿವಿ ಮುಚ್ಚೋ ಮಕ್ಕಳ ಇಯರ್‌ಮಫ್ ಇದ್ರೆ ಒಳ್ಳೇದು. ಅವಳಿಗೆ ಯಾವುದಾದ್ರೂ ಪಾತ್ರದ ವೇಷ ಹಾಕಿಸಿದ್ರೆ ಕತ್ತಿ, ಗದೆ ಫೋಮಿನದ್ದೇ ಇರಲಿ, ಲೋಹದ್ದು ಗೇಟಿನಲ್ಲೇ ಉಳಿಯುತ್ತೆ. ಹೊರಗಿನ ಊಟ ಬಿಡದಿರಬಹುದು, ಆದ್ದರಿಂದ ಮನೆಯಲ್ಲೇ ಹೊಟ್ಟೆ ತುಂಬ ಇಡ್ಲಿ ತಿನ್ನಿಸಿ ಹೊರಡು. ನಟರಿಗೆ ಅಂತ ಮನೆ ತಿಂಡಿ ಒಯ್ಯಬೇಡ, ಮಗಳು ಬಿಡಿಸಿದ ಚಿತ್ರ ಒಯ್ಯಿ.

ಡೊಂಬಿವಲಿ_ಪೂರ್ವ

ಅಕ್ಕಾ, ತುಂಬ ಧನ್ಯವಾದ. ನಾಲ್ಕು ಜನಕ್ಕೆ ಬಿಡ್ತಾರೆ ಅಂತ ನಿಯಮದಲ್ಲಿದೆ, ಹಾಗಾಗಿ ಫೋಟೋ ಆಪ್ ತಗೊಂಡೆ, ಮಧ್ಯಾಹ್ನ 1:30ರ ಸ್ಲಾಟ್. ದಾರಿ?

ಮಾಟುಂಗಾ_ಕಾಪಿ

ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಘಾಟ್ಕೋಪರ್. ಅಲ್ಲಿಂದ ಮೆಟ್ರೋ 1ರಲ್ಲಿ ಮರೋಲ್ ನಾಕಾ, ಅಲ್ಲಿ ಆಕ್ವಾ ಲೈನಿಗೆ (ಮೆಟ್ರೋ 3) ಬದಲಾಯಿಸಿ ಬಿಕೆಸಿ. ಮರೋಲ್ ನಾಕಾದಲ್ಲಿ ಮೇಲಿನ ಲೈನಿನಿಂದ ನೆಲದಡಿಯ ಲೈನಿಗೆ ಇಳೀಬೇಕು, ಅಮ್ಮನಿಗಾಗಿ ಲಿಫ್ಟ್ ಎಲ್ಲಿದೆ ಅಂತ ಕೇಳಿಕೊಂಡು ಹೋಗಿ. ಕುರ್ಲಾದಲ್ಲಿ ಇಳಿದು ಪಶ್ಚಿಮದಿಂದ ಆಟೋ ಅಥವಾ ಬೆಸ್ಟ್ ಬಸ್ಸೂ ಆಗುತ್ತೆ, ದೂರ ಕಡಿಮೆ, ಆದ್ರೆ ಆ ಸ್ಟೇಷನ್ನಿನ ಸೇತುವೆ ಮೆಟ್ಟಿಲು, ನೂಕುನುಗ್ಗಲು ಮಂಡಿನೋವಿಗೆ ಆಗಲ್ಲ.

ಶನಿವಾರ ಸಂಜೆ ಸೆಂಟ್ರಲ್ ರೈಲ್ವೆಯ ಮೆಗಾಬ್ಲಾಕ್ (ಭಾನುವಾರ ಹಳಿ ಕೆಲಸಕ್ಕೆ ಕೆಲವು ಲೈನ್ ನಿಲ್ಲಿಸೋದು) ಪಟ್ಟಿ ನೋಡಿ. ಮಾಟುಂಗಾ–ಮುಲುಂಡ್ ನಡುವೆ ಬ್ಲಾಕ್ ಇದ್ರೆ ಘಾಟ್ಕೋಪರ್, ಕುರ್ಲಾ ಎರಡೂ ಅದರೊಳಗೇ ಬರುತ್ತೆ, ಸಾಮಾನ್ಯವಾಗಿ 11ರ ಸುಮಾರಿಗೆ ಶುರು. ಹತ್ತೂವರೆಯೊಳಗೆ ಘಾಟ್ಕೋಪರ್‌ನಲ್ಲಿ ಇಳಿದಿರೋ ಹಾಗೆ ಹೊರಡಿ. ಟಿಕೆಟ್ಟಿನ ಕ್ಯೂಆರ್ ಕೋಡನ್ನ ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದು ಇಬ್ಬರ ಫೋನಿನಲ್ಲೂ ಇಡಿ. ಸಾವಿರಾರು ಜನ ಸೇರೋ ಹಾಲ್‌ನಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ.