ಸ್ಪ್ರಿಂಗ್ ವಾಷರ್ ಹಾಕಿದರೂ ನಟ್ ಸಡಿಲವಾಗುತ್ತಿದೆ. ಯಾವ ವಾಷರ್ ಎಲ್ಲಿ ಹಾಕಬೇಕು?

ಪ್ರಶ್ನೆ:
ಮೋಟಾರ್ ಕೂತಿರುವ ಕಬ್ಬಿಣದ ಫ್ರೇಮಿಗೆ 3 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಎಂ8 ಬೋಲ್ಟ್‌ಗಳಿಂದ (8 ಮಿ.ಮೀ. ವ್ಯಾಸ, 8.8 ಬಲದ ದರ್ಜೆ) ಬಿಗಿಯಲಾಗಿದೆ. ತಗಡಿನ ತೂತು ಉದ್ದನೆಯದು, 9×14 ಮಿ.ಮೀ. ನಟ್ ಇರುವುದು ತಗಡಿನ ಕಡೆ, ಅದರಡಿ ಸ್ಪ್ರಿಂಗ್ ವಾಷರ್ (ಒಂದು ಕಡೆ ಸೀಳಿ ತುಸು ತಿರುಚಿದ ಉಂಗುರ) ಮಾತ್ರ. ನಟ್ ಮತ್ತೆ ಮತ್ತೆ ಸಡಿಲವಾಗುತ್ತದೆ, ತಗಡಿನ ಮೇಲೆ ಆಳದ ಗೀರು ಬಿದ್ದಿದೆ. ಪ್ಲೇನ್ ವಾಷರ್ (ಸಪಾಟಾದ ಮಾಮೂಲಿ ಉಂಗುರ) ಸೇರಿಸಿದರೆ ಸಾಕೇ?

ಉತ್ತರ 1:
ಬೋಲ್ಟ್ ಹಿಡಿಯುವುದು ತನ್ನ ಎಳೆತದಿಂದ. ಬಿಗಿದಾಗ ಅದು ತುಸು ಉದ್ದವಾಗುತ್ತದೆ, ಅಷ್ಟೇ ಬಲದಲ್ಲಿ ತಗಡನ್ನು ಒತ್ತುತ್ತದೆ. ಎಂ8 ನಟ್ ಅಡಿಯ ವೃತ್ತ ಸುಮಾರು 11.6 ಮಿ.ಮೀ., ನಿಮ್ಮ ತೂತಿನ ಉದ್ದ 14. ಅಂದರೆ ನಟ್ ಎರಡು ಸಣ್ಣ ಅಂಚುಗಳ ಮೇಲಷ್ಟೇ ಕೂತಿದೆ. ಮೆತ್ತಗಿನ ಅಲ್ಯೂಮಿನಿಯಂ ಅಲ್ಲಿ ಕುಸಿಯುತ್ತದೆ. ಕೂದಲೆಳೆಯಷ್ಟು ಕುಸಿದರೂ ಎಳೆತದ ದೊಡ್ಡ ಪಾಲು ಹೋಯಿತು. ಆಮೇಲೆ ಕಂಪನ ನಟ್ಟನ್ನು ಸುಲಭವಾಗಿ ಬಿಚ್ಚುತ್ತದೆ.

16 ಮಿ.ಮೀ. ಹೊರವ್ಯಾಸದ ಮಾಮೂಲಿ ವಾಷರ್ ಇಲ್ಲಿ ಸಾಲದು. 1.6 ಮಿ.ಮೀ. ದಪ್ಪದ್ದು ಉದ್ದ ತೂತಿನೊಳಕ್ಕೆ ಬಟ್ಟಲಿನಂತೆ ಬಾಗಬಹುದು. 24 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ್ದು ಹಾಕಿ. ಆಗ ಒತ್ತಡ ಸುಮಾರು 340 ಚದರ ಮಿ.ಮೀ.ಗೆ ಹರಡುತ್ತದೆ. ಗೀರು ಬಿದ್ದ ಜಾಗವನ್ನು ಮೊದಲು ಅರದಿಂದ ಸಮ ಮಾಡಿ, ಇಲ್ಲದಿದ್ದರೆ ಉಬ್ಬು ಮತ್ತೆ ಕುಸಿಯುತ್ತದೆ.

ಉತ್ತರ 2:
ಸ್ಪ್ರಿಂಗ್ ವಾಷರನ್ನು ತೆಗೆದುಬಿಡಿ ಎನ್ನುವುದು ನನ್ನ ಸಲಹೆ. ಪೂರ್ತಿ ಬಿಗಿಯುವಷ್ಟರಲ್ಲಿ ಅದು ಚಪ್ಪಟೆಯಾಗಿರುತ್ತದೆ, ಅಲ್ಲಿಂದ ಮುಂದೆ ಸ್ಪ್ರಿಂಗ್ ಆಗಿ ಕೆಲಸ ಮಾಡುವುದೇ ಇಲ್ಲ. ನಿಮ್ಮ ತಗಡಿನ ಗೀರು ಅದರ ಸೀಳು ತುದಿಯದು. ಬದಲಿಗೆ ನೈಲಾನ್ ಉಂಗುರದ ನಟ್ (ನೈಲಾಕ್) ಹಾಕಿ. ಉಂಗುರ ದಾಟಿ ಕನಿಷ್ಠ ಎರಡು ಥ್ರೆಡ್ ಹೊರಗೆ ಕಾಣಬೇಕು. ಬಿಚ್ಚಿದಾಗಲೆಲ್ಲ ಹೊಸ ನಟ್. ಮೋಟಾರ್ ಬಳಿ ಬಿಸಿ 120 ಡಿಗ್ರಿ ದಾಟುವಂತಿದ್ದರೆ ನೈಲಾನ್ ಬೇಡ, ಪೂರ್ತಿ ಲೋಹದ ಲಾಕ್ ನಟ್ ಬೇಕು.

ಪ್ರಶ್ನೆ ಕೇಳಿದವರು:
ನಟ್ ಕಡೆ ಸ್ಪ್ಯಾನರ್ ಸಲೀಸಾಗಿ ಹೋಗುವುದಿಲ್ಲ. ಬೋಲ್ಟ್ ತಲೆ ತಿರುಗಿಸಿ ಬಿಗಿದರೆ ತೊಂದರೆಯೇ?

ಉತ್ತರ 1:
ತೊಂದರೆಯಿಲ್ಲ, ಆದರೆ ತಿರುಗುವ ತಲೆಯಡಿಯೂ ಒಂದು ಪ್ಲೇನ್ ವಾಷರ್ ಇರಲಿ. ಟಾರ್ಕಿನ (ಸ್ಪ್ಯಾನರ್ ತಿರುಗಿಸುವ ಬಲದ) ಅರ್ಧದಷ್ಟು ತಲೆಯಡಿಯ ಉಜ್ಜುವಿಕೆಯಲ್ಲೇ ಮುಗಿಯುತ್ತದೆ. ಬಣ್ಣದ ಮೇಲೆ ನೇರ ತಿರುಗಿಸಿದರೆ ಬೋಲ್ಟ್ ಎಷ್ಟು ಬಿಗಿಯಾಯಿತು ಎಂಬ ಲೆಕ್ಕ ತಪ್ಪುತ್ತದೆ. ತಗಡಿನ ಕಡೆಯ ದೊಡ್ಡ ವಾಷರ್ ಹೇಗೂ ಅಲ್ಲೇ ಇರಬೇಕು. ಒಣ ಥ್ರೆಡ್‌ಗೆ ಸುಮಾರು 25 ನ್ಯೂಟನ್-ಮೀಟರ್ ಟಾರ್ಕ್ ಸಾಕು, ಜೊತೆಗೆ ನೈಲಾನ್ ಒಡ್ಡುವ ತಡೆಯಷ್ಟು. ಬಿಗಿದ ಮೇಲೆ ನಟ್ಟಿನಿಂದ ತಗಡಿಗೆ ಒಂದು ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದರೆ ನಟ್ ತಿರುಗಿದೆ. ಗೆರೆ ನೇರವಿದ್ದೂ ಸಡಿಲವಾಗಿದ್ದರೆ ತಗಡು ಕುಸಿದಿರಬಹುದು.