ಚಳಿ ತಾಗಿದರೆ ಮೈಯೆಲ್ಲಾ ಗಂಧೆ, ಯಾರಿಗಾದರೂ ಹೀಗಾಗುತ್ತಾ?

ಬನಶಂಕರಿ ಹುಡುಗ:
ಡಿಸೆಂಬರ್ ಬಂತು ಅಂದರೆ ಸಾಕು, ಬೆಳಿಗ್ಗೆ ಸ್ಕೂಟರಿನಲ್ಲಿ ಕೋರಮಂಗಲ ತಲುಪುವಷ್ಟರಲ್ಲಿ ಕೈ, ಕೆನ್ನೆ ಎಲ್ಲಾ ದದ್ದು ಎದ್ದು ಸಿಕ್ಕಾಪಟ್ಟೆ ತುರಿಕೆ. ಆಫೀಸಿನಲ್ಲಿ ಮೈ ಬೆಚ್ಚಗಾಗುವಾಗ ಇನ್ನೂ ಜಾಸ್ತಿ. ಅಮ್ಮ ಪಿತ್ತದ ಗಂಧೆ ಅಂತ ಕರಿ ಕಂಬಳಿಯಲ್ಲಿ ಉಜ್ಜುತ್ತಾರೆ. ಮೊನ್ನೆ ಐಸ್ ಕ್ಯಾಂಡಿ ತಿಂದೆ, ತುಟಿ ಊದಿತು. ಇದೇನು?

ಲಾಲ್‌ಬಾಗ್ ವಾಕರ್:
ನನಗೂ ಇದೆ ಮಾರಾಯ. ಕೋಲ್ಡ್ ಅರ್ಟಿಕೇರಿಯಾ ಅಂತಾರೆ. ತಂಪು ತಾಗಿದಾಗ ಚರ್ಮದಲ್ಲಿರುವ ಮಾಸ್ಟ್ ಕೋಶಗಳು (ಒಂದು ಬಗೆಯ ರಕ್ಷಣಾ ಕೋಶಗಳು) ಹಿಸ್ಟಮಿನ್ ಅನ್ನೋ ತುರಿಕೆ, ಊತ ತರಿಸುವ ರಾಸಾಯನಿಕ ಬಿಡುತ್ತವೆ, ಅದಕ್ಕೇ ದದ್ದು. ಡಾಕ್ಟರ್ ನನ್ನ ಮುಂಗೈ ಮೇಲೆ 5 ನಿಮಿಷ ಐಸ್ ಇಟ್ಟು ತೆಗೆದು, ಆಮೇಲೆ 10 ನಿಮಿಷ ಕಾದರು. ಐಸ್ ತುಂಡಿನ ಆಕಾರದಲ್ಲೇ ಊತ ಎದ್ದಿತು, ಅಚ್ಚು ಒತ್ತಿದ ಹಾಗೆ! ಈಗ ಅವರು ಕೊಟ್ಟ ಅಲರ್ಜಿ ಮಾತ್ರೆಯಲ್ಲಿ ಆರಾಮಾಗಿದ್ದೇನೆ.

ಸುಮಕ್ಕ:
ಕಂಬಳಿ ಬಿಡಿ, ತುಟಿ ಊದಿದ್ದನ್ನು ಸುಮ್ನೆ ಬಿಡಬೇಡಿ. ಗಂಟಲು ಊದಿದರೆ ಉಸಿರಿಗೇ ತೊಂದರೆ ಅಲ್ವಾ? ಹಾಗೇನಾದರೂ ಆದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಇನ್ನೊಂದು, ತಣ್ಣೀರಿನ ಈಜುಕೊಳಕ್ಕೆ ಧುಮುಕಲೇಬೇಡಿ, ಇಡೀ ಮೈಗೆ ಒಮ್ಮೆಲೇ ತಂಪು ತಾಗಿ ಬಿಪಿ ಇಳಿದು ನೀರಲ್ಲೇ ಪ್ರಜ್ಞೆ ತಪ್ಪಬಹುದು. ಯಾವುದಾದರೂ ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೂ ಮೊದಲೇ ಹೇಳಿ, ಆಪರೇಷನ್ ರೂಮು ತಣ್ಣಗಿರುತ್ತೆ, ಡ್ರಿಪ್ಪೂ ಅಷ್ಟೇ.

ಬನಶಂಕರಿ ಹುಡುಗ:
ಅಯ್ಯೋ, ಮುಂದಿನ ವಾರ ಮಡಿಕೇರಿ ಟ್ರಿಪ್ಪಲ್ಲಿ ಜಲಪಾತಕ್ಕೆ ಇಳಿಯೋಣ ಅಂತಿದ್ದೆ. ನಾಳೆಯೇ ಚರ್ಮದ ಡಾಕ್ಟರ ಹತ್ತಿರ ಹೋಗುತ್ತೇನೆ.